ಒಲೆ ಎಣಿಸುವ ಮಾವ

ನಮ್ಮ ದೊಡ್ಡ ಸೋದರಮಾವನನ್ನು ಊಟಕ್ಕೆ ಕರೆಯುವ ಧೈರ್ಯ ನಿಮಗಿದೆಯೇ? ಇದ್ದರೆ ಮೊದಲು ನಿಮ್ಮ ಗೋಡೆ ಯಾವುದರದ್ದು, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡಿರಿ. ಎಲೆ ಮುಂದೆ ಕೂತೊಡನೆ ಅವರು ಕೇಳುವುದು ಅದನ್ನೇ! ಹರಿಹರದಲ್ಲಿ ಮೇಷ್ಟ್ರಾಗಿದ್ದಾಗ ಎರಡು ಸಲ ಜನಗಣತಿಗೆ ಹೋಗಿದ್ದರು. ನಿವೃತ್ತಿಯಾದರೂ ಗಣತಿ ಅವರನ್ನು ಬಿಡಲಿಲ್ಲ.

ದೇಶದ ಕುಟುಂಬಗಳ ಸರಾಸರಿ ಗಾತ್ರ ಪೇಪರಿನಲ್ಲಿ ಬಂದ ದಿನ ಬಸ್ಸು ಹತ್ತಿ ದಾವಣಗೆರೆಯ ನಮ್ಮ ಮನೆಗೇ ಬಂದುಬಿಟ್ಟರು. ಮನೆಗೆ ಇಷ್ಟು ಮಂದಿ, ಆಮೇಲೊಂದು ಚುಕ್ಕಿ, ಚುಕ್ಕಿಯಾಚೆ ಇನ್ನೊಂದು ಅಂಕಿ.

"ಚುಕ್ಕಿ ಆಚೆ ಇರೋರು ಯಾರು ಮಾವ?" ಎಂದೆ.

"ನಿನ್ನಂಥೋರು ಕಣಪ್ಪ. ಮನ್ಯಾಗ ಇರ್ತೀರಿ, ಕೆಲ್ಸಕ್ಕೆ ಬರಲ್ಲ!"

ಮಂಡಕ್ಕಿ ಕಲಸುತ್ತಿದ್ದ ನನ್ನ ಹೆಂಡತಿ ದಿನವೆಲ್ಲ ನಕ್ಕಳು.

ಮಾವನಿಗೆ ಪ್ರಾಣವಾಗಿದ್ದ ಗಣತಿಯ ನಿಯಮ ಒಂದೇ. ಒಂದು ಒಲೆಯ ಅಡುಗೆ ಉಂಡವರು ಒಂದು ಕುಟುಂಬ. ಒಲೆ ಬೇರೆಯಾದರೆ ಸೂರು ಒಂದಿದ್ದರೂ ಕುಟುಂಬ ಎರಡು. ಪ್ರಾಣವಾಗದೆ ಇನ್ನೇನು? ಹಿತ್ತಲ ನಲ್ಲಿಯ ಜಗಳದಲ್ಲಿ ತಮ್ಮನ ಜೊತೆ ಮಾತು ಬಿಟ್ಟು, ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ ಹನ್ನೊಂದು ವರ್ಷವಾಗಿತ್ತು. ಯಾರಾದರೂ ಚಿಕ್ಕ ಮಾವನ ಸುದ್ದಿ ಎತ್ತಿದರೆ, "ಅದು ಬೇರೆ ಕುಟುಂಬ ರೀ, ನನ್ನ ಫಾರಂನಾಗ ಬರಲ್ಲ" ಎನ್ನುತ್ತಿದ್ದರು.

ಹೋದ ವರ್ಷ ಚಿಕ್ಕ ಮಾವನ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಹೆಣ ಎತ್ತುವ ಹೊತ್ತಿಗೆ ದೊಡ್ಡ ಮಾವ ನನ್ನ ಕಿವಿಯಲ್ಲಿ, "ಆ ಕುಟುಂಬದಾಗ ಇನ್ನ ಒಬ್ನೇ" ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ಚಿಕ್ಕ ಮಾವ ಒಲೆ ಹಚ್ಚಲೇ ಇಲ್ಲ. ಒಣ ಮಂಡಕ್ಕಿ, ನೀರು, ಅಷ್ಟೇ. ಸೊಂಟದಲ್ಲಿ ಪಂಚೆ ನಿಲ್ಲುತ್ತಿರಲಿಲ್ಲ. ಗೋಡೆಯ ಈಚೆ ದೊಡ್ಡ ಮಾವ, ಅತ್ತೆ ಇಬ್ಬರೇ. ಅತ್ತೆ ಊಟ ಒಯ್ದರೆ ಚಿಕ್ಕ ಮಾವ ಬಾಗಿಲು ತೆಗೆಯುತ್ತಿರಲಿಲ್ಲ. ಇವರೂ ಹೋಗಿಬಿಡುತ್ತಾರೆ ಎಂದು ನಾವೆಲ್ಲ ಹೆದರಿದ್ದೆವು.

ಮೊನ್ನೆ ನಾನು ಮಾವನ ಮನೆಯಲ್ಲಿದ್ದಾಗಲೇ ಮನೆ ಗಣತಿಯ ಟೀಚರಮ್ಮ ಮೊಬೈಲ್ ಹಿಡಿದು ಬಂದರು. ದೊಡ್ಡ ಮಾವನ ಕಡೆ ಮುಗಿಸಿ ಗೋಡೆಯಾಚೆ ಹೋದರು. ಸರ್ಕಾರದವರೆಂದು ಚಿಕ್ಕ ಮಾವ ಬಾಗಿಲು ತೆಗೆದರು. ತಪ್ಪು ಹುಡುಕಲು ದೊಡ್ಡ ಮಾವನೂ ಹಿಂದೆಯೇ ನಡೆದರು.

"ಅಡುಗೆಗೆ ಏನು ಬಳಸ್ತೀರಿ ಸರ್?"

"ಅಡುಗೇನೇ ಇಲ್ಲಮ್ಮ."

ಅದಕ್ಕೂ ಗಣತಿಯಲ್ಲಿ ಒಂದು ಉತ್ತರವಿದೆಯಂತೆ. ಟೀಚರಮ್ಮ ಅದನ್ನು ಒತ್ತಬೇಕೆನ್ನುವಷ್ಟರಲ್ಲಿ ದೊಡ್ಡ ಮಾವ ಕೈ ಅಡ್ಡ ಹಿಡಿದರು.

"ಒತ್ತಬ್ಯಾಡಮ್ಮ. ಇಲ್ಲಿ ಒಲೆ ಒಂದೇ ಐತೆ. ಇವ್ನ ನನ್ನ ಕುಟುಂಬಕ್ಕ ಸೇರ್ಸು."

"ಹಂಗೆ ಬರಿಯಾಕ ಬರಲ್ರಿ ಸರ್. ಒಂದೇ ಒಲೆದು ಉಣ್ಬೇಕು."

ದೊಡ್ಡ ಮಾವ ಗೋಡೆಯೀಚೆಯ ತಮ್ಮ ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ, ಪಲ್ಯ ಹಿಡಿದು ಬಂದರು.

"ಉಣ್ಣೋ," ಎಂದರು ತಮ್ಮನಿಗೆ, ಹನ್ನೊಂದು ವರ್ಷದ ಮೇಲೆ. "ಟೀಚರಮ್ಮ ಕಾಯ್ಕೊಂಡು ನಿಂತಾರೆ."

ಚಿಕ್ಕ ಮಾವ ತಟ್ಟೆ ಇಸಕೊಂಡರು. ಒಂದು ತುತ್ತು ಮುರಿದು ಬಾಯಿಗಿಟ್ಟರು. ಅಗಿಯುತ್ತಲೇ ಅತ್ತರು.

"ನುಂಗಲಿ ತಡಿಯಮ್ಮ," ಎಂದರು ದೊಡ್ಡ ಮಾವ, ಕಣ್ಣೊರೆಸಿಕೊಂಡು. "ಹಾಂ, ಈಗ ಬರ್ಕೋ. ಮೂರು ಮಂದಿ."