ನಾನು ಗಾಳಿ ಕೊಂಡದ್ದು

ಜಂಬ ಕೊಚ್ಚಿಕೊಳ್ಳಬಾರದು ಎಂದು ಹೇಳುವವರನ್ನು ನಾನು ಗಮನಿಸಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಕೊಚ್ಚಿಕೊಳ್ಳಲು ಏನೂ ಇರುವುದಿಲ್ಲ. ನನಗೂ ಬಹಳ ಕಾಲ ಇರಲಿಲ್ಲ. ಹಾಗಾಗಿ ನಾನೂ ಬಹಳ ವಿನಯವಂತೆಯಾಗಿದ್ದೆ. ಈಗ ನನ್ನ ಹತ್ತಿರ ಪೆಟ್ರೋಲಿನಲ್ಲಿ ಓಡುವ ಒಂದು ಏರ್ ಕಂಪ್ರೆಸರ್ ಇದೆ. ಅದನ್ನು ಆರಿಸಿದವಳು ನಾನು. ವಿನಯ ಅಂದಿನಿಂದ ಸ್ವಲ್ಪ ಕಡಿಮೆಯಾಗಿದೆ ಎಂದು ಮನೆಯವರು ಹೇಳುತ್ತಾರೆ.

ನಮ್ಮದು ಮಿರ್ಜಾನದ ಹತ್ತಿರ, ಅಘನಾಶಿನಿಯ ದಡದಲ್ಲಿ ತಗಡಿನ ಮಾಡಿನ ಒಂದು ಶೆಡ್ಡು. ಬೋಟುಗಳಿಗೆ ಬಣ್ಣ ಹೊಡೆಯುವುದು ಅಪ್ಪನ ಕಸುಬು. ಅವರು ಹೋದ ಮೇಲೆ ಬ್ರಷ್ಷುಗಳು ನನ್ನ ಕೈಗೆ ಬಂದವು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳು ದಡ ಹತ್ತಿದಾಗಲೇ ನಮಗೆ ಸುಗ್ಗಿ. ಶೆಡ್ಡಿಗೆ ಕರೆಂಟಿಲ್ಲ. ಸಮುದ್ರದ ಭರತದ ಹೊತ್ತಿನಲ್ಲಿ ಉಪ್ಪುನೀರು ಬಂದು ಸುತ್ತುವರಿಯುವ ಆ ಕೆಸರು ಹುದುಲಿನಲ್ಲಿ ಕಂಬ ನಿಲ್ಲುವುದಿಲ್ಲ. ಬ್ರಷ್ಷಿಗೆ ಕರೆಂಟು ಬೇಡವಾದ್ದರಿಂದ ನಮಗದು ಕೊರತೆ ಎನಿಸಿರಲಿಲ್ಲ. ಆದರೆ ಈಗ ಬಂದಿರುವುದು ಫೈಬರ್ ಬೋಟುಗಳು. ಅವುಗಳ ಮೇಲೆ ಬ್ರಷ್ಷಿನ ಗೆರೆಗಳು ಮುದುಕಿಯ ಕೆನ್ನೆಯ ಸುಕ್ಕಿನ ಹಾಗೆ ಕಾಣುತ್ತವೆ.

ತದಡಿಯ ದೇವಪ್ಪ ತಾಂಡೇಲರು ಅಪ್ಪನ ಕಾಲದ ಗಿರಾಕಿ. ಮೂರು ಬೋಟುಗಳ ಯಜಮಾನರು. ಹೋದ ಮಳೆಗಾಲದಲ್ಲಿ ಬೋಟು ದಡಕ್ಕೆ ಎಳೆಸಿದವರೇ ನನ್ನನ್ನು ಕರೆದರು. "ನಾಗವೇಣಿ, ಬೇಜಾರ್ ಮಾಡ್ಕಣಬೇಡ. ನಂಗೆ ಬೋಟಿನ ಮೈಯಲ್ಲಿ ನನ್ನ ಮುಖ ಕಾಣ್ಬೇಕು, ಕಾರಿನ ಹಾಂಗೆ. ಸ್ಪ್ರೇ ಹೊಡೂದು ನಿನ್ ಕೈಲಿ ಆತದಾದ್ರೆ ಹೇಳು. ಇಲ್ದಿದ್ರೆ ಮೂರನ್ನೂ ಹೊನ್ನಾವರಕ್ಕೆ ಕಳಿಸ್ತೆ" ಎಂದರು. ತಾಂಡೇಲರ ಬೋಟು ಹೋದರೆ ಅದರ ಹಿಂದೆ ಉಳಿದವರ ಬೋಟುಗಳೂ ಹೋಗುತ್ತವೆ. ಶೆಡ್ಡಿನಲ್ಲಿ ನಾನು ಮತ್ತು ಅಪ್ಪನ ಬ್ರಷ್ಷುಗಳು ಮಾತ್ರ ಉಳಿಯುತ್ತೇವೆ. "ಆತದೆ" ಎಂದುಬಿಟ್ಟೆ. ಹೇಗೆ ಆಗುತ್ತದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಸ್ಪ್ರೇ ಗನ್ನಿಗೆ ಒತ್ತಡದ ಗಾಳಿ ಬೇಕು. ಅದನ್ನು ಕೊಡುವುದು ಕಂಪ್ರೆಸರ್; ಕರೆಂಟಿಲ್ಲದ ನಮ್ಮಲ್ಲಿ ಅದು ಪೆಟ್ರೋಲಿನದೇ ಆಗಬೇಕು. ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಹೊಳೆದಂಡೆಲಿ ಕೂತ್ಕಂಡು ದುಡ್ಡು ಕೊಟ್ಟು ಗಾಳಿ ತರ್ತ್ಯಾ?" ಎಂದರು. ನನ್ನ ಗಂಡ ಗಣಪತಿ ಬಸ್ಸಿನ ಕಂಡಕ್ಟರು. ಅವರಿಗೆ ಗೊತ್ತಿರುವ ಗಾಳಿ ಯಂತ್ರ ಎಂದರೆ ಸೀಟಿ. ಆದರೂ ಅವರು ಯೋಚನೆ ಮಾಡಿ, "ಒಂದು ಜನರೇಟರ್ ತಕ್ಕಂಡು, ಅದ್ಕೆ ಕರೆಂಟಿನ ಕಂಪ್ರೆಸರ್ ಜೋಡ್ಸಿದ್ರೆ?" ಎಂದರು. ಒಂದು ಕೆಡುವ ಜಾಗದಲ್ಲಿ ಎರಡು ಕೆಡುತ್ತವೆ ಎಂದೆ. ಅವರು ಒಪ್ಪಿದರು. ಅವರ ದೊಡ್ಡ ಗುಣ ಅದು.

ಒಂದು ವಾರ ನಾನು ಸಿಕ್ಕಿದವರನ್ನೆಲ್ಲ ವಿಚಾರಿಸಿದೆ. ಹಳದೀಪುರದ ಗ್ಯಾರೇಜಿನವರೊಬ್ಬರು ಕೈಯೊರೆಸಿಕೊಳ್ಳುತ್ತ ಹೇಳಿದ ಒಂದು ಮಾತು ಮನಸ್ಸಿಗೆ ನಾಟಿತು: "ಅಕ್ಕ, ಟ್ಯಾಂಕ್ ನೋಡಿ ಮರುಳಾಗ್ಬೇಡಿ. ನಿಮಿಷಕ್ಕೆ ಎಷ್ಟು ಗಾಳಿ ಮಾಡ್ತದೆ, ಅದ್ನ ಕೇಳಿ." ಹಂಡೆ ಎಷ್ಟು ದೊಡ್ಡದಾದರೇನು, ನಲ್ಲಿಯಲ್ಲಿ ನೀರು ಬರಬೇಕಲ್ಲ! ಅವರ ಮಾತನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಗನ್ನನ್ನು ಮೊದಲೇ ತರಿಸಿ, ಅದಕ್ಕೆಷ್ಟು ಗಾಳಿ ಬೇಕೆಂದು ಪೆಟ್ಟಿಗೆಯ ಮೇಲಿದ್ದುದನ್ನೂ ಬರೆದುಕೊಂಡು, ಗನ್ನನ್ನೂ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಕುಮಟೆಗೆ ಹೊರಟೆ. ಜೊತೆಗೆ ಗಂಡನನ್ನೂ ಕರೆದುಕೊಂಡೆ, ಹೊರಲಿಕ್ಕೆ ಇರಲಿ ಎಂದು.

ಅಂಗಡಿಯ ಶೇಟರು ಒಳ್ಳೆಯವರು. ಆದರೆ ಅವರಿಗೆ ನಾನು ಕಾಣಲಿಲ್ಲ. "ಬನ್ನಿ ಸಾಹೇಬ್ರೆ, ಎಂತ ಬೇಕಾಗಿತ್ತು?" ಎಂದು ನನ್ನ ಗಂಡನನ್ನು ಕೇಳಿದರು. "ನಂಗೆ ಎಂತದೂ ಗೊತ್ತಿಲ್ಲ. ಕೆಲ್ಸ ಅವಳದ್ದು, ಅವಳತ್ರ ಕೇಳಿ" ಎಂದರು ಇವರು. ಶೇಟರು ತಲೆಯಾಡಿಸಿ, ಮತ್ತೆ ಇವರನ್ನೇ ನೋಡುತ್ತ, "ಹಾಗಾದ್ರೆ ಅವರತ್ರ ಕೇಳಿ ಹೇಳಿ, ಎಷ್ಟು ಎಚ್‌ಪಿ ಬೇಕಂತೆ?" ಎಂದರು. ನಾನು ಮೂರು ಅಡಿ ದೂರದಲ್ಲಿದ್ದೆ. ಹೀಗೆ ಸ್ವಲ್ಪ ಹೊತ್ತು ನನ್ನ ಕನ್ನಡವನ್ನು ನನ್ನ ಗಂಡ ಕನ್ನಡಕ್ಕೇ ಅನುವಾದಿಸಿದರು.

ಎದುರಿಗೆ ಎರಡು ಯಂತ್ರಗಳಿದ್ದವು. ಒಂದು ಕೆಂಪನೆಯದು, ಎಮ್ಮೆಯ ಹೊಟ್ಟೆಯಂಥ ಟ್ಯಾಂಕಿನದು. ಸತ್ಯ ಹೇಳುತ್ತೇನೆ, ನನಗೂ ಮೊದಲ ನೋಟಕ್ಕೆ ಅದೇ ಹಿಡಿಸಿತು. ಶೆಡ್ಡಿನ ಮುಂದೆ ಅದು ನಿಂತರೆ ಇಡೀ ಮಿರ್ಜಾನ ನೋಡುತ್ತಿತ್ತು. ಇನ್ನೊಂದು ನೀಲಿ, ಟ್ಯಾಂಕು ಅದರ ಅರ್ಧವೂ ಇಲ್ಲ. ಶೇಟರು ಕೆಂಪನ್ನೇ ಹೊಗಳಿದರು. ನಾನು ಪುಸ್ತಕ ತೆಗೆದು, "ಶೇಟ್ರೆ, ಎರಡನ್ನೂ ಚಾಲೂ ಮಾಡಿ ತೋರ್ಸಿ. ನನ್ ಗನ್ ಜೋಡ್ಸಿ ನೋಡ್ತೆ" ಎಂದೆ. ಆಗ ಮೊದಲ ಸಲ ಅವರು ನನ್ನ ಕಡೆ ತಿರುಗಿದರು.

ಅಂಗಡಿಯ ಮುಂದೆ ಎಂಜಿನ್ನು ಗುಡುಗಿತು. ಗನ್ನಿಗೆ ನೀರು ತುಂಬಿಸಿ, ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಹೊಡೆಯುತ್ತಲೇ ಹೋದೆ. ಕೆಂಪು ಯಂತ್ರ ಮೊದಲು ಭರ್ಜರಿಯಾಗಿ ಊದಿತು. ಆಮೇಲೆ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು, ಮಂಜಿನಂತಿದ್ದ ನೀರು ಹನಿಹನಿಯಾಗಿ ಸಿಡಿಯಿತು. ಟ್ಯಾಂಕು ದೊಡ್ಡದು, ಅದನ್ನು ತುಂಬಿಸುವ ಪಂಪು ಸಣ್ಣದು. ನೀಲಿಯದಕ್ಕೆ ಎರಡು ಸಿಲಿಂಡರಿನ ಪಂಪು. ನನ್ನ ಕೈ ಸೋತಿತು, ಮುಳ್ಳು ಅಲುಗಲಿಲ್ಲ. ಕೆಂಪು ಯಂತ್ರಕ್ಕೆ ಅಂಗೈಯಗಲದ ಗಟ್ಟಿ ಚಕ್ರಗಳು. ನಮ್ಮ ಹುದುಲಿನಲ್ಲಿ ಹೂತುಹೋಗುತ್ತಿದ್ದವು. ನೀಲಿಗೆ ಗಾಳಿ ತುಂಬಿದ ದಪ್ಪ ಟಾಯರು. ಮಳೆಗಾಲದ ಗಾಳಿಯಲ್ಲಿರುವ ನೀರು ಬಣ್ಣಕ್ಕೆ ಸೇರದಂತೆ ತಡೆಯುವ ಬಟ್ಟಲನ್ನೂ ಐವತ್ತು ಅಡಿ ಪೈಪನ್ನೂ ಕೇಳಿದೆ. "ಅಷ್ಟುದ್ದ ಎಂತಕ್ಕೆ?" ಎಂದರು ಶೇಟರು, ನೇರವಾಗಿ ನನಗೇ. "ಒಳಗೆ ಥಿನ್ನರ್ ವಾಸನೆ ತುಂಬಿರ್ತದೆ. ಎಂಜಿನ್ನು ದೂರ, ಹೊರಗೆ ಇರ್ಬೇಕು. ಇಲ್ದಿದ್ರೆ ಬೋಟಿನ ಜೊತೆ ನಾನೂ ಹೊತ್ತಿ ಉರಿತೆ." ಶೇಟರು ಒಳಗೆ ಹೋಗಿ ನನಗೊಂದು ಕುರ್ಚಿ ತಂದರು. ಆ ಕುರ್ಚಿಯಲ್ಲಿ ಕೂತಷ್ಟು ನೆಟ್ಟಗೆ ನಾನು ಮದುವೆಯ ಮಣೆಯ ಮೇಲೂ ಕೂತಿರಲಿಲ್ಲ.

ನೀಲಿಯನ್ನೇ ಕೊಂಡು ತಂದೆವು. ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಜನ ಸೇರಿದರು. ತಾಂಡೇಲರೂ ಕೊಡೆ ಹಿಡಿದು ಬಂದಿದ್ದರು. ಎಂಜಿನ್ನಿಗೆ ಆಯಿಲ್ ಹಾಕಿದೆ, ಪೆಟ್ರೋಲ್ ಹಾಕಿದೆ, ಹಗ್ಗ ಎಳೆದೆ. ಸದ್ದಿಲ್ಲ. ಮತ್ತೆ ಎಳೆದೆ. ಇಪ್ಪತ್ತು ಸಲ ಎಳೆದಿರಬೇಕು. ತೋಳು ಕಿತ್ತು ಬರುವಂತಾಯಿತು. "ಕೆಂಪುದೇ ತರೂದಾಗಿತ್ತು" ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು. ಗಂಡ ಆಗಲೇ ಅಂಗಡಿಯ ಕತೆಯನ್ನೆಲ್ಲ ಊರಿಗೆ ಹೇಳಿಯಾಗಿತ್ತು. ತಾಂಡೇಲರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಬೆವರೊರೆಸಿಕೊಂಡು ಶೇಟರಿಗೆ ಫೋನು ಮಾಡಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿದರು: "ಅಕ್ಕ, ಪೆಟ್ರೋಲ್ ಕಾಕ್ ತಿರ್ಗ್ಸಿದ್ರಾ?" ಎಂಜಿನ್ನಿಗೆ ಪೆಟ್ರೋಲ್ ಬಿಡುವ, ಅದರ ಟ್ಯಾಂಕಿನ ಕೆಳಗಿದ್ದ ಆ ಪುಟ್ಟ ಕಿವಿಯನ್ನು ನಾನು ತಿರುಗಿಸಿರಲಿಲ್ಲ. ನನ್ನ ಪುಸ್ತಕದಲ್ಲಿ ಅದೊಂದು ಇರಲಿಲ್ಲ. ಸೆರಗು ಸರಿಮಾಡುವ ನೆಪದಲ್ಲಿ ಬಗ್ಗಿ ತಿರುಗಿಸಿ, "ಹೊಸ ಎಂಜಿನ್ನು, ಸ್ವಲ್ಪ ಕಾಯ್ಬೇಕು" ಎಂದು ಗಂಭೀರವಾಗಿ ಹೇಳಿ, ಎಳೆದೆ. ಒಂದೇ ಎಳೆತಕ್ಕೆ ಹಿಡಿಯಿತು.

ಮಳೆ ಬಿಟ್ಟುಬಿಟ್ಟು ಕೊಟ್ಟ ಒಣ ದಿನಗಳಲ್ಲೆಲ್ಲ ಹೊಡೆದೆ. ನೀಲಿ ಮೈ, ಬಿಳಿ ಪಟ್ಟಿ, ಮೂತಿಯ ಮೇಲೆ ಹಳದಿ. ಕೆಲಸ ಮುಗಿದ ದಿನ ತಾಂಡೇಲರು ಬೋಟಿನ ಪಕ್ಕ ಬಗ್ಗಿ, ಬಹಳ ಹೊತ್ತು ನೋಡಿ, ಮೀಸೆ ತಿದ್ದಿಕೊಂಡರು. ಹೊಗಳಲಿಲ್ಲ. "ಉಳಿದ ಎರಡೂ ನಾಳೆ ಎಳಿಸ್ತೆ" ಎಂದಷ್ಟೇ ಹೇಳಿ ಹೋದರು. ಅವರನ್ನು ಕಳಿಸಿ ನಾನು ಶೆಡ್ಡಿನೊಳಗೆ ಬಂದು, ಯಾರೂ ಇಲ್ಲದ್ದನ್ನು ನೋಡಿ, ಅದೇ ಜಾಗದಲ್ಲಿ ಬಗ್ಗಿ ನನ್ನ ಮುಖವನ್ನೂ ನೋಡಿಕೊಂಡೆ. ಚೆನ್ನಾಗಿಯೇ ಇತ್ತು.

ಆಮೇಲೆ ಯಂತ್ರ ನೋಡಲು ಬಂದವರಿಗೆಲ್ಲ ನಾನು ವಿವರಿಸತೊಡಗಿದೆ. ಮೊನ್ನೆ ಭಟ್ಕಳದಿಂದ ಇಸ್ಮಾಯಿಲ್ ಭಾಯ್ ಎನ್ನುವವರು ಬಂದರು. ಟಾಯರು ಅಂಗಡಿಯವರಂತೆ. ಟಾಯರಿನವರಿಗೆ ಗಾಳಿಯಲ್ಲದೆ ಬೇರೇನು ಬೇಕು? ಕೂರಿಸಿ, ಚಾ ಕೊಟ್ಟು, ಟ್ಯಾಂಕು ಎಂಬ ಮೋಸದಿಂದ ಶುರುಮಾಡಿ, ಪಂಪು, ಚಕ್ರ, ಪೈಪಿನ ಉದ್ದ ಎಲ್ಲ ಹೇಳಿದೆ. ಎಂಜಿನ್ ಚಾಲೂ ಮಾಡಿ ತೋರಿಸಿದೆ. ಅರ್ಧ ಗಂಟೆ ಅವರು ಒಂದು ಮಾತೂ ಆಡದೆ ಕೇಳಿದರು. ಎಷ್ಟು ಒಳ್ಳೆಯ ಕೇಳುಗರು ಎಂದುಕೊಂಡೆ. ಚಾದ ಲೋಟ ಕೆಳಗಿಟ್ಟು ಅವರು ಮೆಲ್ಲಗೆ ಹೇಳಿದರು: "ಅಕ್ಕ, ನಮ್ಮ ಅಂಗಡಿಲಿ ಕರೆಂಟ್ ಇದೆ. ಮಾವನ ಬೋಟಿಗೆ ನೀವು ಬಣ್ಣ ಹೊಡಿತ್ರಾ ಅಂತ ಕೇಳ್ಳಿಕ್ಕೆ ಬಂದಿದ್ದೆ."

ಹೊಡೆಯುತ್ತೇನೆ ಎಂದೆ. ಆದರೆ ಗಾಳಿಯ ಟ್ಯಾಂಕಿನ ತಳದಲ್ಲಿ ಕೂಡುವ ನೀರು ಬಸಿಯುವ ಕ್ರಮವನ್ನು ನಾನು ಇನ್ನೂ ಹೇಳಿರಲಿಲ್ಲ. "ಬಂದದ್ದು ಬಂದ್ರಿ, ಅದೊಂದು ನೋಡ್ಕಂಡೇ ಹೋಗಿ" ಎಂದು ಅವರನ್ನು ಮತ್ತೆ ಕೂರಿಸಿದೆ.