ಒಂದನೇ ತರಗತಿಯ ಕಾಡಿನಲ್ಲಿ

ಧೈರ್ಯ ಹೇಳುವುದಕ್ಕೂ ಧೈರ್ಯ ಇರುವುದಕ್ಕೂ ಏನೂ ಸಂಬಂಧವಿಲ್ಲ ಎಂಬುದು ನನ್ನ ಅನುಭವ. ಮನೆಯಲ್ಲಿ ಜಿರಲೆ ಕಂಡರೆ ಗಂಡನನ್ನು ಕೂಗುವವಳು ನಾನು. ಆದರೆ ಶಿರಾಲಿಯ ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುವ ಅಕ್ಕೋರಾದ ತಪ್ಪಿಗೆ, 'ಹೆದರಬಾರದು ಮಕ್ಕಳೇ' ಎಂದು ದಿನವೂ ಉಪದೇಶ ಮಾಡಬೇಕು. ಮಕ್ಕಳು ಪಾಪ, ನಂಬುತ್ತಾರೆ.

ನಂಬದೆ ಉಳಿದವಳು ಪಲ್ಲವಿ ಒಬ್ಬಳೇ. ತಾಯಿ ಗೇಟು ದಾಟಿದೊಡನೆ ಅವಳ ಅಳು ಶುರು. ಅವಳನ್ನು ನೋಡಿ ಪಕ್ಕದವಳು, ಪಕ್ಕದವಳನ್ನು ನೋಡಿ ಹಿಂದಿನವನು. ಆಚೆ ತರಗತಿಯ ಮಾಸ್ತರು ಒಮ್ಮೆ ಬಾಗಿಲಲ್ಲಿ ಇಣುಕಿ, "ಯಾರಾದ್ರೂ ತೀರ್ಕೊಂಡ್ರಾ ಅಕ್ಕೋರೆ?" ಎಂದು ಕೇಳಿದ್ದರು. ಕೊನೆಗೆ ತಾಯಿಯೇ ಸೋತು, "ಈ ವರ್ಷ ಮನೇಲೇ ಇರ್ಲಿ ಅಕ್ಕೋರೆ, ಮುಂದಿನ ವರ್ಷ ನೋಡುವ" ಎಂದುಬಿಟ್ಟಳು. ಒಂದು ವಾರ ತಡೆಯಿರಿ ಎಂದು ಬೇಡಿಕೊಂಡೆ.

ಶಾಲೆಯ ಮೇಲೆ ಆಸೆ ಹುಟ್ಟಲೆಂದು ಕ್ಯಾಂಪ್ ಮಾಡುವ ಯೋಚನೆ ಬಂದದ್ದು ಆಗ. ಹೊರಗೆ ಬಿಡದ ಮಳೆ. ನಾವು ಕಾಡಿಗೆ ಹೋಗುವ ಬದಲು ಕಾಡೇ ತರಗತಿಗೆ ಬರಬೇಕಾಯಿತು. ಕಪಾಟಿನಿಂದ ಕಿಟಕಿಗೆ ಹಗ್ಗ ಕಟ್ಟಿ, ನನ್ನ ಎರಡು ಹಳೆಯ ಸೀರೆ ಇಳಿಬಿಟ್ಟು ಡೇರೆ ಮಾಡಿದೆ. ನಾಲ್ಕು ಕಟ್ಟಿಗೆ ಜೋಡಿಸಿ, ಕೆಂಪು ಕಾಗದದ ಕೆಳಗೆ ಟಾರ್ಚ್ ಇಟ್ಟೆ, ಬೆಂಕಿಯೂ ಸಿದ್ಧವಾಯಿತು. ದರ್ಜಿಯ ಮಗಳು ಡೇರೆಯನ್ನು ಮುಟ್ಟಿ ನೋಡಿ, "ಅಕ್ಕೋರೆ, ಇದ್ಕೆ ಫಾಲ್ಸ್ ಬಿಟ್ಟುಹೋಗಿದೆ" ಎಂದಳು. ಪಲ್ಲವಿ ಮಾತ್ರ ಚೀಲ ಅಪ್ಪಿಕೊಂಡು ಡೇರೆಯ ಮೂಲೆಯಲ್ಲಿ ಬಿಕ್ಕುತ್ತಿದ್ದಳು.

ಕಿಟಕಿ ಮುಚ್ಚಿ, ಡೇರೆಯೊಳಗೆ ಪಲ್ಲವಿಯ ಪಕ್ಕ ಕೂತೆ. ದನಿ ತಗ್ಗಿಸಿ, "ಕತ್ತಲಾಯಿತು. ದೂರದಲ್ಲಿ ಕರಡಿ ಬರುತ್ತಿದೆ. ನಾವು ಹೆದರುತ್ತೇವಾ?" ಎಂದೆ.

"ಇಲ್ಲಾ!" ಎಂದವು ಮಕ್ಕಳು.

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ತಲೆಯಿಂದ ಮೊಣಕಾಲಿನವರೆಗೆ ಕಪ್ಪಗಿದ್ದ ದೊಡ್ಡ ಆಕೃತಿಯೊಂದು ಉಸಿರುಬಿಡುತ್ತ ಒಳಗೆ ಬಂತು. ನಾನು ಕಿಟಾರನೆ ಕಿರುಚಿ ಎದ್ದು ನಿಂತೆ. ಹಗ್ಗ ಕಳಚಿ ಡೇರೆ ನನ್ನ ಮೇಲೇ ಬಿತ್ತು. ಸೀರೆಯೊಳಗೆ ಸಿಕ್ಕಿ ನಾನು ಇನ್ನೊಮ್ಮೆ ಕಿರುಚಿದೆ. "ಎಂತ ಆತು ಅಕ್ಕೋರೆ? ಅವಲಕ್ಕಿ ಕೊಡೂಕೆ ಬಂದದ್ದು ಮಾರಾಯ್ರೆ!" ಎಂದಿತು ಕರಡಿ. ಬಿಸಿಯೂಟ ಮಾಡುವ ಮಾದೇವಿ, ಮಳೆಗೆ ತಲೆಯ ಮೇಲಿಂದ ಕಪ್ಪು ಪ್ಲಾಸ್ಟಿಕ್ಕಿನ ಕೊಪ್ಪೆ ಹೊದ್ದುಕೊಂಡು ಬಂದಿದ್ದಳು!

ಮಕ್ಕಳು ಬಿದ್ದು ಬಿದ್ದು ನಗುತ್ತಿರುವಾಗ ಸೀರೆಯ ಒಳಗೆ ಪುಟ್ಟ ಕೈಯೊಂದು ನನ್ನ ಕೈ ಹುಡುಕಿ ಹಿಡಿಯಿತು. "ಅಳೂದು ಬೇಡ ಅಕ್ಕೋರೆ. ಅದು ಮಾದೇವಕ್ಕ." ಪಲ್ಲವಿ! ಅಳುವಿನ ಹೊರತು ಅವಳ ದನಿಯನ್ನು ನಾನು ಕೇಳಿದ್ದೇ ಅಂದು. ಆಮೇಲೆ ಸಂಜೆಯವರೆಗೂ ಅವಳು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ತನ್ನ ಪಾಲಿನ ಅವಲಕ್ಕಿಯಲ್ಲಿ ಬೆಲ್ಲದ ಚೂರು ಆರಿಸಿ ನನ್ನ ಬಾಯಿಗಿಟ್ಟಳು.

ಮರುದಿನ ಅವಳು ಓಡುತ್ತಲೇ ಬಂದಳು. ಹಿಂದೆ ಏದುಸಿರು ಬಿಡುತ್ತ ತಾಯಿ. "ಅಕ್ಕೋರು ಒಬ್ರೇ ಇದ್ರೆ ಹೆದರ್ತಾರೆ ಹೇಳಿ ಚಾ ಕುಡೀದೆ ಬಂತು ನೋಡಿ. ಎಂತ ಮಾಡಿದ್ರಿ ನೀವು?"

"ಅದೆಲ್ಲ ಒಂದು ಬೋಧನಾ ವಿಧಾನ" ಎಂದೆ ಗಂಭೀರವಾಗಿ.

"ಬನ್ನಿ ಅಕ್ಕೋರೆ, ನಾ ಇದ್ದೇನಲ್ಲ" ಎಂದು ಪಲ್ಲವಿ ಕೈ ಹಿಡಿದು ಎಳೆದಳು. ನಾನೂ ಸುಮ್ಮನೆ ಹಿಂದೆ ಹೋದೆ. ಮೋಡ ಕವಿದು ತರಗತಿಯಲ್ಲಿ ಸ್ವಲ್ಪ ಕತ್ತಲೆಯೂ ಇತ್ತು, ನೋಡಿ.