ಎರಡನೇ ಭಾಗ ಎಲ್ಲಿ ಸ್ವಾಮಿ?

ಸ್ವಂತ ಕಾಸಲ್ಲಿ ಕಾದಂಬರಿ ಅಚ್ಚು ಹಾಕಿಸುವವರ ಕಡೆ ಒಂದು ಸಲ ತಿರುಗಿ ನೋಡಿದರೆ ಮುಗೀತು, ಇಂಥ ಪೇಚುಗಳು ಮೇಲಿಂದ ಮೇಲೆ ಆಗುತ್ತಲೇ ಇರುತ್ತವೆ. ನಾನಾಗಿ ತಿರುಗಿದವನಲ್ಲ. ಹೆಂಡತಿಗಾಗಿ ತಿರುಗಿದೆ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದು ಟೀ ಅಂಗಡಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಪುಸ್ತಕ ಓದುತ್ತಿದ್ದವಳು ಅವಳು. ದೊಡ್ಡ ಹೆಸರಿನವರದು ಬೇಡ. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಚೀಲದಲ್ಲಿ ಹೊತ್ತು ಮಾರುವವರದೇ ಬೇಕು. "ಇವ್ರ ಕತೇಲಿ ಮುಂದೇನಾಯ್ತದೆ ಅಂತ ಬರ್ದೋರ್ಗೂ ಗೊತ್ತಿರಲ್ಲ ಕಣ್ರೀ, ಅದೇ ಚೆಂದ" ಅನ್ನೋಳು.

ಕೊನೆಗೆ ಓದಿದ್ದು ಒಂದು ಪ್ರೇಮದ ಕತೆ. ಆಸ್ಪತ್ರೆ ಮಂಚದ ಮೇಲೆ. ಹುಡುಗಿ ತೆರಕಣಾಂಬಿ ಸ್ಟಾಪಲ್ಲಿ ನಿಂತಿದ್ದಾಳೆ. ಚಾಮರಾಜನಗರದ ಬಸ್ಸು ಹತ್ತಿದರೆ ಸರ್ಕಾರಿ ನೌಕರಿಯ ಗಂಡು. ಗುಂಡ್ಲುಪೇಟೆ ಬಸ್ಸು ಹತ್ತಿದರೆ ಕೆಲಸವಿಲ್ಲದ ಪ್ರೇಮಿ. ಎರಡೂ ಬಸ್ಸು ಬಂದು ನಿಂತವು. ಮೊದಲನೇ ಭಾಗ ಮುಗಿಯಿತು.

"ಯಾವ ಬಸ್ ಹತ್ತುದ್ಲೋ ವಿಚಾರ್ಸ್ಕಂಡು ಬನ್ರೀ" ಅಂದಳು. ವಿಚಾರಿಸುವಷ್ಟರಲ್ಲಿ ಅವಳೇ ಹೋದಳು. ಆದರೂ ಕೇಳಿದ್ದಾಳಲ್ಲ. ಪುಸ್ತಕದಲ್ಲಿ ಊರಿಲ್ಲ, ಫೋನಿಲ್ಲ, ಒಂದು ಕಾವ್ಯನಾಮ ಅಷ್ಟೆ. ಕಂಡ ಬರಹಗಾರರನ್ನೆಲ್ಲ ಕೇಳುತ್ತಾ ಹೋದೆ.

ನೆಂಟರ ಪತ್ತೇದಾರಿ

ಮೊದಲು ಕೇಳಿದ್ದು ಚಾಮರಾಜನಗರದ ಅರಿಶಿನ ವ್ಯಾಪಾರಿಯನ್ನು. ನಮ್ಮ ಅಂಗಡಿಗೆ ಟೀಗೆ ಬರುತ್ತಾರೆ. ಪತ್ತೇದಾರಿ ಬರೆಯುತ್ತಾರೆ. ಎರಡನೇ ಭಾಗ ಎಲ್ಲಿ ಸಿಗುತ್ತೆ ಅಂದೆ. "ಅವನ್ಯಾವನೋ ಗೊತ್ತಿಲ್ಲ, ನೀನು ಇದ ಓದ್ಲಾ" ಅಂತ ತಮ್ಮದನ್ನು ಕೈಗೆ ತುರುಕಿದರು.

ನನ್ನದು ಬೆರಳಿಟ್ಟು ಓದುವ ಓದು. ದೊಡ್ಡ ಮನೆ. ಬಾವಿಯಲ್ಲಿ ಹೆಣ. ಬೆನ್ನಲ್ಲಿ ಚಾಕು. ಮನೆ ತುಂಬ ಜನ, ಎಲ್ಲರ ಮೇಲೂ ಅನುಮಾನ. ಕೊನೆಗೆ ಪತ್ತೇದಾರ ಅಲ್ಲೇ ಉಂಡು, ಕೈ ತೊಳೆದು, ಊರಿಗೆ ಹೊರಟುಬಿಡುತ್ತಾನೆ.

"ಬುದ್ಧಿ, ಕೊಲೆ ಮಾಡ್ದೋರ್ಯಾರು?"

"ಯಾರೂ ಇಲ್ಲ ಕಣ್ಲಾ. ಅಚ್ಚಿನ ಖರ್ಚಿಗೆ ನೆಂಟ್ರೆಲ್ಲ ಕಾಸು ಹಾಕುದ್ರು. ಅದ್ಕೆ ಎಲ್ಲಾರ್ನೂವೆ ಕತೆ ಒಳಕ್ಕೆ ಹಾಕ್ಬೇಕಾಯ್ತು. ಕೊಲೆಗಾರ ಆಗಕೆ ಮಾತ್ರ ಒಬ್ನೂ ಒಪ್ನಿಲ್ಲ. ಭಾಮೈದನ್ನ ಕೇಳ್ದೆ. ಮಗಳಿಗೆ ಮದ್ವೆ ಗೊತ್ತು ಮಾಡಿವ್ನಿ, ನನ್ನ ಬುಟ್ಬುಡು ಅಂದ."

"ಮತ್ತೆ ಬೆನ್ನಲ್ಲಿದ್ದ ಚಾಕು?"

"ಬಾವಿಗೆ ಜಾರಿ ಬೀಳೋವಾಗ ಚುಚ್ಕಂಡಿರ್ಬೇಕು ಬುಡು."

ದೇವರ ಮನೆಯ ದೆವ್ವ

ಚಾಮರಾಜನಗರದಲ್ಲಿ ಒಂದು ಪುಸ್ತಕ ಬಿಡುಗಡೆ ಇದೆ, ಬರಹಗಾರರೆಲ್ಲ ಅಲ್ಲೇ ಸಿಕ್ಕುತ್ತಾರೆ ಅಂತ ಅರಿಶಿನದವರೇ ಹೇಳಿದರು. ಹೋದೆ. ನಮ್ಮ ಪಕ್ಕದ ಅಂಗಡಿಯ ಹೂವಿನ ಅಕ್ಕನೂ ಅದೇ ಬಸ್ಸಲ್ಲಿ ಬಂದಳು. ಸಭೆಯ ಹಾರಗಳೆಲ್ಲ ಅವಳವೇ.

ಬಿಡುಗಡೆ ಆಗಬೇಕಿದ್ದದ್ದು ದೆವ್ವದ ಕಾದಂಬರಿ. ವೇದಿಕೆ ಮೇಲೆ ಗಣ್ಯರು ಹೆಚ್ಚಾಗಿ, ಕೆಳಗಿನ ಕುರ್ಚಿಗಳೂ ಮೇಲಕ್ಕೆ ಹೋದವು. ಕೇಳುವವರು ನಿಂತೆವು. ಅತಿಥಿಗಳು ಪುಸ್ತಕದ ಒಳಗೆ ಇಣುಕಿಯೂ ನೋಡಲಿಲ್ಲ. ಅರಿಶಿನ ಕುಂಕುಮ ಹಚ್ಚಿದರು, ಹೂವು ಮುಡಿಸಿದರು, ಕಾಯಿ ಒಡೆದರು. ಸಂಸಾರಸ್ಥರೆಲ್ಲ ಓದಲೇಬೇಕಾದ ಪುಸ್ತಕ ಅಂದರು. ಪೂಜೆಯಾದ ಆ ಪ್ರತಿಯನ್ನೇ ಹೂವಿನ ಅಕ್ಕನಿಗೆ ಕೊಟ್ಟು ಕಳಿಸಿದರು.

ಕೆಲವು ದಿನ ಬಿಟ್ಟು ಕೇಳಿದೆ. "ಓದುದ್ಯಾ ಅಕ್ಕ?"

"ಅಯ್ಯೋ, ಕುಂಕುಮ ಬಿದ್ದಿರೋ ಪುಸ್ತಕವ ಹಂಗೆಲ್ಲ ಬುಚ್ಚಿ ಓದಕಾಯ್ತದಾ? ದೇವ್ರ ಮನೇಲಿ ಮಡಗಿವ್ನಿ. ದಿನಾ ಊದುಗಡ್ಡಿ ಹಚ್ತೀನಿ."

"ಅದು ಮಸಣದ ದೆವ್ವದ ಕತೆ ಕಣಕ್ಕ."

ಅಕ್ಕ ಕೈಯಲ್ಲಿದ್ದ ದಾರ ಬಿಟ್ಟು ಸ್ವಲ್ಪ ಯೋಚನೆ ಮಾಡಿದಳು. "ಅದ್ಕೇ ಅಂತೀನಿ, ನಮ್ಮತ್ತೆ ನನ್ನ ಜೊತೆ ಮೆತ್ತಗೆ ಮಾತಾಡ್ತಾವ್ಳೆ. ಅಲ್ಲೇ ಇರ್ಲಿ ಬುಡಣ್ಣ."

ಬೇರೆ ಗ್ರಹದ ಆನೆ

ಅದೇ ಸಭೆಯಲ್ಲಿ ಕಾಡಂಚಿನ ಊರಿನ ಒಬ್ಬ ರೈತನನ್ನೂ ಕೇಳಿದ್ದೆ. ಅವನೂ ಮೊದಲು ತನ್ನ ಪುಸ್ತಕವನ್ನೇ ಚೀಲದಿಂದ ತೆಗೆದ. ಬೇರೆ ಗ್ರಹದ ಕತೆ. ಈ ಬರಹಗಾರರಿಗೆ ಗುಂಡ್ಲುಪೇಟೆ ಸಾಲದು.

ರಾಕೆಟ್ಟು ಇಳಿಯುತ್ತದೆ. ಅಲ್ಲಿಯೂ ಮುಸುಕಿನ ಜೋಳ ಬೆಳೆದಿದ್ದಾರೆ. ಅಲ್ಲಿಯೂ ಆನೆ ನುಗ್ಗಿದೆ. ಪರಿಹಾರ ಕೇಳಿದರೆ ಅಲ್ಲಿಯ ಆಫೀಸಿನವನೂ ನಾಳೆ ಬಾ ಅಂದಿದ್ದಾನೆ. ಸುಳ್ಳು ಯಾಕೆ, ಇದೊಂದು ನನಗೆ ಹಿಡಿಸಿತು. ಆಫೀಸಿನವನ ಮಾತು ಬಂದಾಗ ಜೋರಾಗಿ ನಕ್ಕು, ಅವಳಿಗೆ ಹೇಳೋಣ ಅಂತ ಒಲೆ ಕಡೆ ತಿರುಗಿದೆ. ಒಲೆ ಇತ್ತು.

ಅವನು ಮತ್ತೆ ಸಿಕ್ಕಾಗ ಕೇಳಿದೆ. "ಏನಪ್ಪ, ಆಕಾಶಕ್ಕೋದ್ರೂ ಆನೆನೇಯಾ?"

"ಅಣ್ಣಾ, ಅದರ ಕಾಟ ತಡೀನಾರ್ದೇ ಕಣಣ್ಣಾ ನಾನು ರಾಕೆಟ್ ಹತ್ತುದ್ದು. ಬರೀತಾ ಬರೀತಾ ನೋಡ್ತೀನಿ, ನನಗಿಂತ ಮೊದ್ಲೇ ಹೋಗಿ ನಿಂತದೆ!"

ಯಾವ ಬಸ್ಸು

ಆ ಪ್ರೇಮದ ಕತೆಯವನು ಇರುವುದು ಹಂಗಳದಲ್ಲಿ ಅಂತ ಹೇಳಿದವನು ಈ ಆನೆ ಕತೆಯ ರೈತನೇ. ನಮ್ಮ ಅಂಗಡಿ ಮುಂದಿಂದ ದಿನಾ ಬಸ್ಸು ಹೋಗುವ ಊರು. ಅಂಗಡಿ ಮುಚ್ಚಿ ಹೊರಟೆ.

ಕಾದಂಬರಿಕಾರರು ಜಗಲಿ ಮೇಲೆ ಕೂತಿದ್ದರು. ಹೆಗಲ ಮೇಲೆ ಯಾವುದೋ ಸನ್ಮಾನದ ಶಾಲು.

"ಎರಡನೇ ಭಾಗ ಎಲ್ಲಿ ಸ್ವಾಮಿ?"

"ಬರ್ದೇ ಇಲ್ಲ. ಮೊದಲನೇದನ್ನೇ ಯಾರೂ ಓದ್ನಿಲ್ಲವಲ್ಲ."

"ನನ್ನ ಹೆಂಡ್ತಿ ಓದುದ್ಲು."

ಎದ್ದು ನಿಂತರು. "ಪೂರ್ತಿನಾ? ಕರ್ಕಂಡ್ ಬನ್ನಿ, ಶಾಲು ಹೊದಿಸಿ ಸನ್ಮಾನ ಮಾಡನ."

"ತೀರೋದ್ಲು ಸ್ವಾಮಿ."

ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು. "ನನ್ನ ಪುಸ್ತಕ ಓದಿದ ಮೇಲಾ?"

"ಹೂಂ, ಓದಿ ಮುಗಿಸಿದ ಮೇಲೆ."

"ಇದ ಎಲ್ಲೂ ಹೇಳ್ಬೇಡಿ ಅಣ್ಣಾ. ಮಂಚದ ಕೆಳಗೆ ಇನ್ನೂ ಬೇಕಾದಷ್ಟು ಪ್ರತಿ ಅವೆ."

ಎಂಥಾ ಮನುಷ್ಯ! ಉಗಿದು ಬರಬೇಕಿತ್ತು. ಆದರೆ ಬಂದ ಕೆಲಸ ಆಗಿರಲಿಲ್ಲ. "ಅದಿರ್ಲಿ. ಆ ಹುಡುಗಿ ಯಾವ ಬಸ್ ಹತ್ತುದ್ಲು? ಅಷ್ಟು ಹೇಳಿ ಸಾಕು. ಅವಳ ಫೋಟೋ ಮುಂದೆ ಹೇಳ್ಬೇಕು."

"ಅದು ಓದುಗರ ಕಲ್ಪನೆಗೆ ಬಿಟ್ಟದ್ದು" ಅಂದರು, ಶಾಲು ಸರಿಮಾಡಿಕೊಂಡು.

"ಓದೋಳೇ ಇಲ್ವಲ್ಲ ಸ್ವಾಮಿ."

ಒಳಗಿಂದ ಅವರ ಹೆಂಡತಿ ಮೊರ ಹಿಡಿದುಕೊಂಡೇ ಬಂದರು.

"ಕಲ್ಪನೆಯಂತೆ ಕಲ್ಪನೆ! ನೀವೋಗಿ ಫೋಟೋದಲ್ಲಿರೋ ಅಕ್ಕಂಗೆ ಹೇಳಿ ಅಣ್ಣಾ. ತೆರಕಣಾಂಬಿ ಸ್ಟಾಪಲ್ಲಿ ನಿಂತಿದ್ದೋಳು ನಾನೇಯ. ಚಾಮ್ರಾಜ್ನಗರದ ಬಸ್ಸಲ್ಲಿ ಕುಂತ್ಕಳಕೆ ಜಾಗ ಇತ್ತು. ಅಲ್ಲಿ ಕಾಯ್ತಿದ್ದ ಗಂಡಿಗೆ ಕೆಲ್ಸ ಇತ್ತು. ಅದ ಬುಟ್ಬುಟ್ಟು, ಈವಯ್ಯನ ನಂಬ್ಕಂಡು ಗುಂಡ್ಲುಪೇಟೆ ಬಸ್ ಹತ್ತುದೆ."

ಮೊರ ಕೆಳಗಿಟ್ಟು ಗಂಡನನ್ನೂ ಶಾಲನ್ನೂ ಒಂದು ಸಲ ನೋಡಿದರು.

"ಅವತ್ತಿಂದ ಇಳ್ಕಳಕೆ ಒಂದು ಸ್ಟಾಪೂ ಸಿಕ್ನಿಲ್ಲ ಕಣಣ್ಣಾ."